ಟ್ವಿಸ್ಟೆಡ್ ಪೇರ್: ವೈರ್ ಹೊಸೆದರೆ ಸೌಂಡ್ ಚೆನ್ನಾಗುತ್ತಾ?

ಎರಡು ವೈರುಗಳನ್ನು ಬತ್ತಿ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿದರೆ ಅದೇ ಟ್ವಿಸ್ಟೆಡ್ ಪೇರ್. ಅಷ್ಟೇ. ಆದರೆ ಹೈ-ಫೈ ಕೇಬಲ್ ಮಾರುವವರ ಬಾಯಲ್ಲಿ ಇದು ಮಂತ್ರವಾಗಿಬಿಟ್ಟಿದೆ: ಬೇಸ್ ಗಟ್ಟಿಯಾಗುತ್ತದಂತೆ, ಹಾಡುವವರ ದನಿ ಎದ್ದು ಬರುತ್ತದಂತೆ. ಹೊಸೆಯುವುದರ ನಿಜವಾದ ಕೆಲಸ ಗುಂಯ್ ಅನ್ನುವ ಹಮ್ ತಡೆಯುವುದು.

ಸಿಗ್ನಲ್ ಒಂದು ವೈರಿನಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತದೆ, ಅಲ್ವಾ? ಎರಡರ ನಡುವಿನ ಜಾಗ ಒಂದು ಉದ್ದನೆಯ ಲೂಪ್. ಪಕ್ಕದ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕಾಂತಕ್ಷೇತ್ರ ಅದರೊಳಗೆ ಹಾದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಅದೇ ಹಮ್. ಹೊಸೆದರೆ ಆ ಲೂಪ್ ಪುಟ್ಟ ಪುಟ್ಟ ಲೂಪುಗಳಾಗಿ ಒಡೆಯುತ್ತದೆ, ಈಗ ಮೇಲಿದ್ದ ವೈರ್ ಅರ್ಧ ಸುತ್ತಿಗೆ ಕೆಳಗೆ ಬರುತ್ತದೆ, ಹಾಗಾಗಿ ಒಂದರಲ್ಲಿ ಪ್ಲಸ್ ಹುಟ್ಟಿದರೆ ಪಕ್ಕದ್ದರಲ್ಲಿ ಮೈನಸ್ ಹುಟ್ಟಿ ಹೆಚ್ಚುಕಮ್ಮಿ ವಜಾ ಆಗಿಹೋಗುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಟೆಲಿಫೋನ್ ತಂತಿಗಳಿಗೆ ಇದರ ಪೇಟೆಂಟ್ ಪಡೆದಿದ್ದರು.

ಸಿಗ್ನಲ್ ಸಣ್ಣದಿದ್ದಷ್ಟೂ ಇದರ ಬೆಲೆ ಜಾಸ್ತಿ. ಟರ್ನ್‌ಟೇಬಲ್ಲಿನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ರೆಕಾರ್ಡ್ ಮೇಲೆ ಓಡುವ ಮುಳ್ಳಿರುವ ಭಾಗ) ಕೊಡುವುದು 5 ಮಿಲಿವೋಲ್ಟ್ ಆಸುಪಾಸು. ಅದರ ಹಿಂದೆ ಕೂದಲಿನಷ್ಟು ತೆಳ್ಳಗಿನ ನಾಲ್ಕು ವೈರುಗಳಿರುತ್ತವೆ: ಬಿಳಿ-ನೀಲಿ ಎಡಕ್ಕೆ, ಕೆಂಪು-ಹಸಿರು ಬಲಕ್ಕೆ. ಇವನ್ನು ಜೋಡಿ ಜೋಡಿಯಾಗಿ ಹೊಸೆದರೆ ಲಾಭವಿದೆ. ಮೈಕಿನ ಎಕ್ಸ್‌ಎಲ್‌ಆರ್ ಕೇಬಲ್ ಒಳಗೂ ಹೊಸೆದ ಜೋಡಿಯೇ. ವಾಲ್ವ್ (ಗಾಜಿನ ಟ್ಯೂಬ್) ಆಂಪ್ಲಿಫೈಯರ್ ಬಿಚ್ಚಿ ನೋಡಿದರೆ ವಾಲ್ವನ್ನು ಬಿಸಿ ಮಾಡುವ 6.3 ವೋಲ್ಟ್ ಎಸಿ ಹೀಟರ್ ವೈರುಗಳನ್ನು ಬಿಗಿಯಾಗಿ ಹೊಸೆದಿರುತ್ತಾರೆ, ಅಲ್ಲಿ ಕಾರಣ ಉಲ್ಟಾ: ಆ ವೈರುಗಳಿಂದ ಹಮ್ ಆಚೆ ಹೋಗಬಾರದು.

ಸ್ಪೀಕರ್ ವೈರಿನ ಕಥೆ ಬೇರೆ. ಅಲ್ಲಿ ಓಡುವುದು ವೋಲ್ಟುಗಟ್ಟಲೆ, ಆಚೆ ತುದಿಯಲ್ಲಿರುವುದು 8 ಓಮಿನ ಸ್ಪೀಕರ್. ಹೊರಗಿನಿಂದ ಸೇರುವ ಚೂರುಪಾರು ಹಮ್ ಕಿವಿಗೆ ಬೀಳುವುದೇ ಇಲ್ಲ. ಹೊಸೆದರೆ ಇಂಡಕ್ಟನ್ಸ್ (ಕರೆಂಟಿನ ಏರಿಳಿತಕ್ಕೆ ಅಡ್ಡ ಬರುವ ವೈರಿನ ಗುಣ) ಸ್ವಲ್ಪ ಇಳಿಯುತ್ತದೆ ಅನ್ನುವುದು ನಿಜ. ಆದರೆ 5 ಮೀಟರ್ ಮಾಮೂಲಿ ಜೋಡಿ ವೈರಿನ ಇಂಡಕ್ಟನ್ಸ್ ಸುಮಾರು 3 ಮೈಕ್ರೊಹೆನ್ರಿ, 20 ಕಿಲೋಹರ್ಟ್ಸ್‌ನಲ್ಲಿ ಅದರ ಅಡ್ಡಿ 0.4 ಓಮ್ ಕೂಡ ಇಲ್ಲ. ಸ್ಪೀಕರಿನ 8 ಓಮ್ ಮುಂದೆ ಅದರಿಂದ ಆಗುವ ನಷ್ಟ ಡೆಸಿಬೆಲ್ಲಿನ ನೂರನೇ ಒಂದು ಭಾಗದಷ್ಟು. ಅದನ್ನು ಕೇಳಿಸಿಕೊಳ್ಳುವ ಕಿವಿ ಯಾರಿಗಿದೆ? ಅದರ ಮೇಲೆ ತುಂಬಾ ಬಿಗಿಯಾಗಿ ಹೊಸೆದರೆ ಕೆಪಾಸಿಟನ್ಸ್ (ಎರಡು ವೈರುಗಳ ನಡುವೆ ಚಾರ್ಜ್ ಕೂಡಿಡುವ ಗುಣ) ಏರುತ್ತದೆ, ಕೆಲವು ಆಂಪ್ಲಿಫೈಯರುಗಳಿಗೆ ಅದು ಆಗಿಬರುವುದಿಲ್ಲ.

ಇನ್ನು ಕೆಲವರು ಕ್ಯಾಟ್-5 ನೆಟ್‌ವರ್ಕ್ ಕೇಬಲ್ಲನ್ನೇ ಸ್ಪೀಕರಿಗೆ ಎಳೆಯುತ್ತಾರೆ, ಹೇಗೂ ಹೊಸೆದೇ ಬರುತ್ತದಲ್ಲ ಅಂತ. ಅದರ ಒಂದೇ ಜೋಡಿ ಬಳಸಿದರೆ 5 ಮೀಟರಿಗೆ ಹೋಗಿ ಬರುವ ರೆಸಿಸ್ಟೆನ್ಸ್ (ಕಮ್ಮಿ ಇದ್ದಷ್ಟೂ ಒಳ್ಳೆಯದು) ಸುಮಾರು 0.84 ಓಮ್. ಮನೆ ವೈರಿಂಗಿಗೆ ಹಾಕುವ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹೊಸೆಯದೆ ಸುಮ್ನೆ ಎಳೆದರೂ ಅದು 0.12 ಓಮ್ ಅಷ್ಟೇ.