ಪರದೆ ಮೇಲೆ ಓಡುವ ಅಕ್ಷರಗಳನ್ನು ಓದಬೇಕಾ, ಸುಮ್ನೆ ನೋಡಬೇಕಾ?

ಪ್ರಶ್ನೆ: ಅಕ್ಷರಗಳು, ಸೊನ್ನೆ-ಒಂದುಗಳು ಪರದೆ ತುಂಬ ಓಡಾಡುವ ವಿಡಿಯೊ ಕಲೆ ನೋಡಿದ್ದೇನೆ. ಓದಲು ಹೋದರೆ ಏನೂ ಸಿಗುವುದಿಲ್ಲ. ಕೋಡ್ ಗೊತ್ತಿಲ್ಲದವರಿಗೆ ಇದು ಅರ್ಥವಾಗುತ್ತದಾ?

ಉತ್ತರ: ಆಗುತ್ತದೆ. ಅಕ್ಷರಗಳು ಏನು ಹೇಳುತ್ತಿವೆ ಅನ್ನುವುದನ್ನು ಸ್ವಲ್ಪ ಹೊತ್ತು ಬಿಡಿ. ಏನು ಮಾಡುತ್ತಿವೆ ಅಂತ ನೋಡಿ.

ಕಲಾವಿದರಾದ ಕ್ಯಾಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಖಿತುವ್ 1999ರಲ್ಲಿ ಮಾಡಿದ 'ಟೆಕ್ಸ್ಟ್ ರೇನ್' ತೆಗೆದುಕೊಳ್ಳಿ. ದೊಡ್ಡ ಪರದೆಯ ಮುಂದೆ ನಿಂತರೆ ಕ್ಯಾಮೆರಾ ನಿಮ್ಮನ್ನು ಅದೇ ಪರದೆಯಲ್ಲಿ ಕಪ್ಪು-ಬಿಳುಪಾಗಿ ತೋರಿಸುತ್ತದೆ. ಮೇಲಿನಿಂದ ಅಕ್ಷರಗಳು ಉದುರುತ್ತವೆ. ತೋಳು ಚಾಚಿದರೆ ಅದರ ಮೇಲೆ ಕೂರುತ್ತವೆ, ತೆಗೆದರೆ ಮತ್ತೆ ಬೀಳುತ್ತವೆ. ಒಳಗಿನ ಲೆಕ್ಕ ಸರಳ: ಕೆಳಗೆ ಬೆಳಕಿದ್ದರೆ ಅಕ್ಷರ ಇಳಿಯಬೇಕು, ಒಂದು ಮಟ್ಟಕ್ಕಿಂತ ಕಪ್ಪು ಎದುರಾದರೆ ನಿಲ್ಲಬೇಕು. ಅದು ತೋಳೋ ಕೊಡೆಯೋ ಪ್ರೋಗ್ರಾಮಿಗೆ ಗೊತ್ತಿಲ್ಲ, ಕಪ್ಪಾಗಿದ್ದರೆ ಸಾಕು. ಹಾಗಂತ ಅಕ್ಷರಗಳು ಬೇಕಾಬಿಟ್ಟಿ ಬಂದವಲ್ಲ. ದೇಹ ಮತ್ತು ಮಾತಿನ ಬಗೆಗಿನ ಒಂದು ಕವಿತೆಯ ಸಾಲುಗಳವು. ಸಾಕಷ್ಟು ಅಕ್ಷರ ಹಿಡಿದರೆ ಒಂದು ಪದ ಸಿಗುತ್ತದೆ, ಕೆಲವೊಮ್ಮೆ ಇಡೀ ಸಾಲು. ಓದಬೇಕಾದರೆ ಮೈ ಬಗ್ಗಿಸಲೇಬೇಕು!

ಅಂದರೆ ಅಲ್ಲಿ ಎರಡು ಬರಹಗಳಿವೆ, ಅಲ್ವಾ? ಕವಿತೆ ನಿಮಗಾಗಿ ಬರೆದದ್ದು, ಆ ಲೆಕ್ಕವನ್ನು ಹೇಳುವ ಕೋಡ್ ಯಂತ್ರಕ್ಕಾಗಿ. ಕವಿತೆಯಲ್ಲಿ ಒಂದಕ್ಷರ ತಪ್ಪಿದ್ದರೂ ನೀವು ಸರಿಮಾಡಿಕೊಂಡು ಓದುತ್ತೀರಿ. ಕೋಡಿನಲ್ಲಿ ತಪ್ಪಿದರೆ ಎಷ್ಟೋ ಸಲ ಕೆಲಸವೇ ನಿಲ್ಲುತ್ತದೆ.

ಕಂಪ್ಯೂಟರ್ 'ಅ' ಅನ್ನು ಆಕಾರವಾಗಿ ನೆನಪಿಡುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದು 3205 ಅನ್ನುವ ಸಂಖ್ಯೆ. ಆ ಸಂಖ್ಯೆಯನ್ನು ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಉಳಿಸಿದರೆ 24 ಸೊನ್ನೆ-ಒಂದುಗಳು. ಆಕಾರ ಕೊಡುವುದು ಫಾಂಟ್. ಕೈಬರಹದಲ್ಲಿ ಅಕ್ಷರವನ್ನೂ ಆಕಾರವನ್ನೂ ಹೀಗೆ ಬೇರ್ಪಡಿಸಲು ಬರುವುದಿಲ್ಲ. ಗೆರೆಯ ದಪ್ಪ, ಕೈಯ ವೇಗ, ಒತ್ತಡ ಎಲ್ಲ ಅಕ್ಷರದೊಳಗೇ ಇರುತ್ತವೆ. ಇಂಥ ವಿಡಿಯೊಗಳಲ್ಲಿ ಕುಂಚದ ಗೆರೆ ಒಡೆದು ಚುಕ್ಕಿಗಳಾಗುವುದು, ಅಂಕಿಗಳು ಸೇರಿ ಲಿಪಿಯಾಗುವುದು ಜಾಸ್ತಿ ಕಾಣುವುದು ಇದಕ್ಕೇ.

ಓದಲು ಆಗಲಿಲ್ಲ ಅಂತ ಬೇಸರ ಬೇಡ. ಚೀನಾದ ಕಲಾವಿದ ಶು ಬಿಂಗ್ 1987ರಿಂದ 1991ರವರೆಗೆ ಸುಮಾರು 4000 ಅಕ್ಷರಗಳನ್ನು ತಾವೇ ಹುಟ್ಟಿಸಿ, ಮರದಲ್ಲಿ ಕೆತ್ತಿ, ಪುಸ್ತಕಗಳನ್ನು ಅಚ್ಚು ಹಾಕಿದರು. ಅದು ವಿಡಿಯೊ ಅಲ್ಲ, ಆದರೆ ಚೀನೀ ಚೆನ್ನಾಗಿ ಬಲ್ಲವರಿಗೂ ಅದರಲ್ಲಿ ಒಂದಕ್ಷರ ಓದಲು ಬರುವುದಿಲ್ಲ. ಬರಬಾರದು ಅಂತಲೇ ಮಾಡಿದ್ದು.

ಇನ್ನು, ಹಸಿರು ಅಂಕಿಗಳು ಸುಮ್ನೆ ಸುರಿಯುವ ಪರದೆಗಳು ನನಗೆ ಅಲಂಕಾರದಂತೆ ಕಾಣುತ್ತವೆ, ಅಷ್ಟೇ. ಆ ಅಕ್ಷರಗಳ ಬದಲು ಬೇರೆ ಯಾವುದೋ ಅಕ್ಷರ ಹಾಕಿದ್ದರೆ ವ್ಯತ್ಯಾಸ ಆಗುತ್ತಿತ್ತಾ ಅಂತ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ಗ್ಯಾಲರಿಯ ಮುಂದಿನ ಕೋಣೆಗೆ ಹೋಗಬಹುದು.