ಕರಾವಳಿಯ ಗಾಳಿಯನ್ನು ಅಳೆಯುವಾಗ

ಕಾರವಾರದಲ್ಲಿ ಗಾಳಿಯ ಮಾಲಿನ್ಯವನ್ನು ದಿನವೂ ಅಳೆದು ಜನರಿಗೆ ತಿಳಿಸಲು ಹೊರಡುವವರು ಮೊದಲು ಗಮನ ಕೊಡಬೇಕಾದದ್ದು ಇಲ್ಲಿನ ತೇವಾಂಶಕ್ಕೆ. ಕೆಲವು ಸಾವಿರ ರೂಪಾಯಿಗೆ ಸಿಗುವ ಸೆನ್ಸರ್‌ಗಳು ದೂಳಿನ ಕಣಗಳ ಮೇಲೆ ಲೇಸರ್ ಬೆಳಕು ಹಾಯಿಸಿ, ಅದು ಎಷ್ಟು ಚದುರಿತೆಂಬುದರ ಮೇಲೆ ಕಣಗಳ ತೂಕವನ್ನು ಅಂದಾಜಿಸುತ್ತವೆ. ಆದರೆ ಕಡಲಿನಿಂದ ಬರುವ ಉಪ್ಪಿನ ಕಣಗಳು ತೇವಾಂಶ ಸುಮಾರು ಶೇ 75 ದಾಟಿದೊಡನೆ ನೀರು ಹೀರಿ ಉಬ್ಬುವುದರಿಂದ, ಯಂತ್ರವು ಆ ನೀರನ್ನೂ ಮಾಲಿನ್ಯವೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ದುಬಾರಿ ಮಾನಕ ಯಂತ್ರಗಳು ಒಳಬರುವ ಗಾಳಿಯನ್ನು ಬಿಸಿಮಾಡಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸುತ್ತವೆ. ಆದ್ದರಿಂದ ಅಗ್ಗದ ಸೆನ್ಸರನ್ನು ಅಂಥ ಯಂತ್ರದ ಪಕ್ಕದಲ್ಲಿಟ್ಟು, ಚಳಿಗಾಲದಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ವಾರಗಟ್ಟಲೆ ಹೋಲಿಸಿ, ತೇವಾಂಶಕ್ಕೆ ತಕ್ಕ ತಿದ್ದುಪಡಿಯನ್ನು ಕಂಡುಕೊಳ್ಳದೆ ಅದರ ಅಂಕಿಗಳನ್ನು ಪ್ರಕಟಿಸುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಇನ್ನು, ಯಾವ ಅಂಕಿಯನ್ನು ಕೊಡಬೇಕು? ನಮ್ಮ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕವು ಎಂಟು ಮಾಲಿನ್ಯಕಾರಕಗಳನ್ನು ಪರಿಗಣಿಸುತ್ತದೆ; ಅವುಗಳಲ್ಲಿ ಯಾವುದರ ಉಪಸೂಚ್ಯಂಕ (ಆ ಒಂದು ಮಾಲಿನ್ಯಕಾರಕಕ್ಕೆ ಸಿಗುವ ಅಂಕ) ಅತಿ ಹೆಚ್ಚೋ ಅದೇ ಆ ದಿನದ ಸೂಚ್ಯಂಕ. ಕನಿಷ್ಠ ಮೂರರ ಮಾಹಿತಿ ಬೇಕು, ಅದರಲ್ಲಿ ಪಿಎಂ 2.5 (2.5 ಮೈಕ್ರಾನ್‌ವರೆಗಿನ ಸೂಕ್ಷ್ಮ ಕಣಗಳು) ಅಥವಾ ಪಿಎಂ 10 (10 ಮೈಕ್ರಾನ್‌ವರೆಗಿನ ಕಣಗಳು) ಇರಲೇಬೇಕು. ಹೀಗಿರುವಾಗ ಪಿಎಂ 2.5 ಒಂದನ್ನೇ ಅಳೆಯುವ ಯಂತ್ರದ ಫಲಿತಾಂಶವನ್ನು ಸೂಚ್ಯಂಕವೆಂದು ಕರೆಯಲಾಗದು. ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದೇ ಬರೆಯಬೇಕು. ವಿದ್ಯುತ್ ಕೈಕೊಟ್ಟು 16 ಗಂಟೆಗಿಂತ ಕಡಿಮೆ ಅವಧಿಯ ಮಾಹಿತಿ ದೊರೆತ ದಿನವನ್ನು ಖಾಲಿ ಬಿಟ್ಟು, ಕಾರಣವನ್ನು ನಮೂದಿಸಬೇಕು.

ದಿನದ ಸರಾಸರಿಯ ಜೊತೆಗೆ ಗಂಟೆಗಂಟೆಯ ಏರಿಳಿತವನ್ನೂ ತೋರಿಸುವುದು ಕರಾವಳಿಯಲ್ಲಿ ವಿಶೇಷವಾಗಿ ಅಗತ್ಯ. ಚಳಿಗಾಲದ ರಾತ್ರಿ ನೆಲದ ಕಡೆಯಿಂದ ಮಂದವಾಗಿ ಬೀಸುವ ಗಾಳಿಯಲ್ಲಿ, ಕಸ ಮತ್ತು ತರಗೆಲೆ ಸುಟ್ಟ ಹೊಗೆ ನೆಲಮಟ್ಟದಲ್ಲೇ ಉಳಿದು ಬೆಳಗಿನ ಜಾವಕ್ಕೆ ದಟ್ಟವಾಗುತ್ತದೆ. ಮಧ್ಯಾಹ್ನ ಕಡಲ ಗಾಳಿ ಬಂದ ಮೇಲೆ ತಿಳಿಯಾಗುತ್ತದೆ. ಟಾಗೋರ್ ಕಡಲತೀರಕ್ಕೆ ನಸುಕಿನಲ್ಲೇ ನಡೆಯಲು ಬರುವ ಅಸ್ತಮಾ ರೋಗಿಗೆ ದಿನದ ಸರಾಸರಿಗಿಂತ ಆ ಹೊತ್ತಿನ ಅಂಕಿಯೇ ಮುಖ್ಯ. ಘಟ್ಟದ ಮೇಲಿನ ಶಿರಸಿಗೆ ಈ ಲೆಕ್ಕ ಹೊಂದುವುದಿಲ್ಲ. ಅಡಿಕೆ ಬೇಯಿಸುವ ದಿನಗಳಲ್ಲಿ ಅಲ್ಲಿನ ಒಲೆಗಳ ಹೊಗೆಯನ್ನು ಅಲ್ಲಿಯೇ ಅಳೆಯಬೇಕು.

ಬಸ್ ನಿಲ್ದಾಣದಲ್ಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಫಲಿತಾಂಶ ಹಾಕುವಾಗ ಅಂಕಿಯ ಪಕ್ಕದಲ್ಲಿ ಎರಡು ಮಿತಿಗಳನ್ನೂ ಬರೆಯಬೇಕು: ಪಿಎಂ 2.5ಕ್ಕೆ 24 ಗಂಟೆಗಳ ಭಾರತೀಯ ಮಿತಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ನಮ್ಮ ಸೂಚ್ಯಂಕದ ಪ್ರಕಾರ 45 ಮೈಕ್ರೋಗ್ರಾಂ ‘ತೃಪ್ತಿಕರ’ ವರ್ಗಕ್ಕೆ ಸೇರುತ್ತದೆಯಾದರೂ ಅದು ಆ ಸಂಸ್ಥೆಯ ಮಿತಿಯ ಮೂರು ಪಟ್ಟು; ಉಸಿರಾಟದ ತೊಂದರೆಯಿರುವವರು ಅಂಥ ದಿನವೂ ಹೊರಗಿನ ಶ್ರಮವನ್ನು ಕಡಿಮೆ ಮಾಡಬೇಕೆಂದು ಅಲ್ಲಿಯೇ ತಿಳಿಸಬೇಕು.