ಮಿಸಿಸಿಪ್ಪಿಯ ಜಗುಲಿಯಲ್ಲಿ ಬ್ರಹ್ಮಕಮಲ

ಆಗಸ್ಟ್ ಕೊನೆಯ ವಾರ. ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿ ರಾಜ್ಯ, ಜಾಕ್ಸನ್ ನಗರ. ಅಕ್ಕನ ಮನೆಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಕೂತಿದ್ದಾಗ ಪಕ್ಕದ ಮನೆಯ ಅಜ್ಜಿ ಫೋನ್ ಮಾಡಿದರು. "ಇವತ್ತು ಅರಳುತ್ತೆ, ಬೇಗ ಬನ್ನಿ" ಅಂದರು.

ಅಲ್ಲಿ ಆ ಹೊತ್ತಿನಲ್ಲೂ ಮೈಯೆಲ್ಲ ಬೆವರು. ಬೇಸಿಗೆ ಮುಗಿಯುವ ಕಾಲದ ತೋಟಗಳು ನಮ್ಮ ಮಲೆನಾಡಿನ ಹಿತ್ತಲನ್ನೇ ನೆನಪಿಸುತ್ತವೆ. ಬೇಲಿ ಪಕ್ಕ ಸುಗಂಧಿ ಹೂವಿನ ಘಮ. ರಸ್ತೆ ಬದಿಗೆ ನಮ್ಮ ಹೊಳೆದಾಸವಾಳದ ತಂಗಿಯಂಥ ಗುಲಾಬಿ ಹೂಮರಗಳು. ಅಜ್ಜಿಯ ಜಗುಲಿಯಲ್ಲಿ ಒಂದು ದೊಡ್ಡ ಕುಂಡ. ಅದರಲ್ಲಿ ಕೋಲಿಗೆ ಕಟ್ಟಿದ, ಉದ್ದುದ್ದ ಜೋತುಬಿದ್ದ ಗಿಡ. ಮೂರು ಮೊಗ್ಗು. ಅಕ್ಕ ಮೆಟ್ಟಿಲ ಹತ್ತಿರವೇ ಚಪ್ಪಲಿ ಬಿಟ್ಟಳು. "ನೀನೂ ಬಿಟ್ಟು ಬಾರೋ" ಅಂದಳು. ಅದು ಬ್ರಹ್ಮಕಮಲ.

ಮೊಗ್ಗಿನ ತುದಿ ಸಡಿಲವಾಗಿ, ಹೊರಗಿನ ಕಂದುಗೆಂಪು ಎಸಳುಗಳು ಹಿಂದಕ್ಕೆ ಬಾಗಿದವು. ದಿಟ್ಟಿಸಿ ನೋಡಿದರೆ ಎಸಳು ನಡುಗಿದ್ದು ಕಣ್ಣಿಗೇ ಕಾಣುತ್ತಿತ್ತು. ಹತ್ತೂವರೆ ಹೊತ್ತಿಗೆ ಅಂಗೈ ಅಗಲದ ಬಿಳಿ ಹೂವು. ಅಜ್ಜಿ ಟಾರ್ಚ್ ಹಿಡಿದು ಒಳಗೆ ತೋರಿಸಿದರು. "ನೋಡಿ, ಗೋದಲಿಯಲ್ಲಿ ಬಾಲ ಯೇಸು ಮಲಗಿದ್ದಾನೆ. ಮೇಲೆ ನಕ್ಷತ್ರ." ಅಕ್ಕ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು: "ಅನಂತಶಯನ ಕಣೋ. ನಡುವೆ ಬ್ರಹ್ಮ ಕೂತಿದಾನೆ."

ಇಬ್ಬರ ಭಕ್ತಿಯ ಬಗ್ಗೆಯೂ ನನಗೆ ತಕರಾರಿಲ್ಲ. ಆದರೆ ಈ ಹೂವಿನ ಸುತ್ತ ನಮ್ಮಲ್ಲಿ ಓಡಾಡುವ ಮಾತುಗಳ ಬಗ್ಗೆ ಇದೆ. ಹಿಮಾಲಯದಿಂದ ಬಂದದ್ದು, ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತೆ, ಅರಳುವಾಗ ಬೇಡಿಕೊಂಡಿದ್ದು ಆಗುತ್ತೆ, ಎಲೆಯಿಂದಲೇ ಹೂ ಬಿಡುವ ಪವಾಡದ ಗಿಡ! ಈ ಮಾತುಗಳ ಗದ್ದಲದಲ್ಲಿ ನಿಜವಾದ ಬೆರಗು ಕಾಣದೇ ಹೋಗುತ್ತದೆ. ಅದೇ ನನಗೆ ಸಂಕಟ.

ಮೊದಲು ಊರು ಸರಿ ಮಾಡೋಣ. ನಿಜವಾದ ಬ್ರಹ್ಮಕಮಲ ಹಿಮಾಲಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,700 ಮೀಟರಿಗಿಂತ ಮೇಲೆ ಬೆಳೆಯುತ್ತದೆ. ಅದು ಸೂರ್ಯಕಾಂತಿಯ ಕುಟುಂಬದ್ದು, ಉತ್ತರಾಖಂಡದ ರಾಜ್ಯಪುಷ್ಪ. ಕೇದಾರ, ಬದರಿಯಲ್ಲಿ ದೇವರಿಗೆ ಏರಿಸುವುದು ಅದನ್ನು. ನಮ್ಮ ಕುಂಡದ ಗಿಡ ದಕ್ಷಿಣ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡಿನದು. ಅದು ಕಳ್ಳಿ. ಹೌದು, ಪಾಪಸುಕಳ್ಳಿಯ ಕುಟುಂಬ. ಇತ್ತೀಚೆಗೆ ನಮ್ಮ ರೈತರು ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣಿನ ಹತ್ತಿರದ ನೆಂಟ. ಡ್ರ್ಯಾಗನ್ ತೋಟಕ್ಕೆ ರಾತ್ರಿ ಹೋಗಿ ನೋಡಿ, ಹೂವು ಥೇಟ್ ಇದರಂತೆಯೇ.

ಮಿಸಿಸಿಪ್ಪಿಯವರೂ ಹೆಸರಿನಲ್ಲಿ ಎಡವಿದ್ದಾರೆ. ಅಲ್ಲಿ ಇದನ್ನು 'ನೈಟ್ ಬ್ಲೂಮಿಂಗ್ ಸೀರಿಯಸ್' ಅನ್ನುತ್ತಾರೆ. ಸೀರಿಯಸ್ ಅನ್ನುವುದು ಬೇರೆಯೇ ಕಳ್ಳಿಗಳ ಗುಂಪು. 1828ರಲ್ಲಿ ಸ್ವಿಸ್ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್ ಇದನ್ನು ಆ ಗುಂಪಿಗೆ ಸೇರಿಸಿದ್ದ. ಆಮೇಲೆ ವಿಜ್ಞಾನಿಗಳು ಬದಲಾಯಿಸಿದರು, ಜನರ ಬಾಯಲ್ಲಿ ಹಳೆಯದೇ ಉಳಿಯಿತು. ಈಗಿನ ಶಾಸ್ತ್ರೀಯ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್. ಎಪಿಫಿಲಮ್ ಅಂದರೆ ಗ್ರೀಕ್‌ನಲ್ಲಿ 'ಎಲೆಯ ಮೇಲೆ'. ಈ ಹೆಸರೂ ತಪ್ಪೇ! ಅದು ಎಲೆ ಅಲ್ಲವೇ ಅಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನನಗೆ ತುಂಬ ಇಷ್ಟದ ವಿಷಯ ಇದು.

ಗಿಡಗಳಲ್ಲಿ ಹೂವು ಎಲ್ಲಿ ಬರುತ್ತದೆ? ಕೊಂಬೆ ಎಲ್ಲಿ ಚಿಗುರಬಹುದೋ ಅಲ್ಲಿ. ಕಬ್ಬಿನ ಜಲ್ಲೆ ನೆನಪಿಸಿಕೊಳ್ಳಿ. ಗೇಣಿಗೊಂದು ಗಿಣ್ಣು, ಗಿಣ್ಣಿಗೊಂದು ಕಣ್ಣು. ಕಣ್ಣಿರುವ ತುಂಡನ್ನು ನೆಟ್ಟರೆ ಅಲ್ಲಿಂದಲೇ ಹೊಸ ಕಬ್ಬು ಏಳುತ್ತದೆ. ಈಗ ಆ ಜಲ್ಲೆಯನ್ನು ಲಟ್ಟಣಿಗೆಯಿಂದ ಚಪಾತಿ ಹಾಗೆ ಚಪ್ಪಟೆ ಮಾಡಿದಿರಿ ಅಂದುಕೊಳ್ಳಿ. ಕಣ್ಣುಗಳೆಲ್ಲ ಎರಡೂ ಅಂಚಿಗೆ ಹೋಗಿ ಕೂರುತ್ತವೆ. ಬ್ರಹ್ಮಕಮಲದ 'ಎಲೆ'ಯ ಅಂಚಿನಲ್ಲಿ ಕಚ್ಚು ಕಚ್ಚಾಗಿ ಇರುತ್ತದಲ್ಲ, ಅದೇ ಆ ಕಣ್ಣು. ಹೂವು ಬರುವುದು ಅಲ್ಲಿಂದ ಮಾತ್ರ. ನಡುವೆ ದಪ್ಪಗೆ ಓಡುವ ನರ ಇದೆಯಲ್ಲ, ಅದು ಕಾಂಡದ ತಿರುಳು.

ಇನ್ನೂ ನಂಬಿಕೆ ಬರದಿದ್ದರೆ ಪಾಪಸುಕಳ್ಳಿ ನೋಡಿ. ಅದರ ಹಸಿರು ತಟ್ಟೆಯ ಅಂಚಿನಲ್ಲೇ ಹೂವು, ಅಂಚಿನಲ್ಲೇ ಹಣ್ಣು. ಆ ತಟ್ಟೆಯೂ ಕಾಂಡ. ಕಳ್ಳಿಗಳು ನೀರು ಉಳಿಸಲು ಎಲೆಯನ್ನು ಬಿಟ್ಟುಕೊಟ್ಟವು, ಎಲೆಯ ಕೆಲಸವನ್ನು ಕಾಂಡಕ್ಕೆ ವಹಿಸಿದವು. ನಮ್ಮ ಗಿಡದ ಪೂರ್ವಿಕರು ಆಮೇಲೆ ದಟ್ಟ ಕಾಡಿನ ಮರಗಳ ಮೇಲೆ ನೆಲೆಸಿದರು. ಅಲ್ಲಿ ಬೆಳಕು ಕಡಿಮೆ. ಬೆಳಕು ಹಿಡಿಯಲು ಅಗಲ ಬೇಕು, ಆದರೆ ಎಲೆ ಕಳೆದುಹೋಗಿದೆ. ಹಾಗಾಗಿ ಕಾಂಡವನ್ನೇ ಹಾಳೆಯಷ್ಟು ತೆಳ್ಳಗೆ ಮಾಡಿಕೊಂಡವು. ಬಾಗಿಲು ಮಾರಿಕೊಂಡವನು ಮಂಚದ ಹಲಗೆ ಬಿಚ್ಚಿ ಬಾಗಿಲು ಮಾಡಿಕೊಂಡ ಹಾಗೆ. ಪವಾಡ ಬೇಕಾದವರು ಇದನ್ನು ನೋಡಿ ಬೆರಗಾಗಬೇಕು.

ಹಾಗಾದರೆ ನಿಜವಾಗಿ ಎಲೆಯ ಅಂಚಿನಿಂದ ಚಿಗುರುವ ಗಿಡ ಇಲ್ಲವೇ? ಇದೆ. ನಮ್ಮ ಕಾಡುಬಸಳೆ. ಅದರ ಎಲೆ ಅಪ್ಪಟ ಎಲೆ. ಕಿತ್ತು ನೆಲಕ್ಕೆ ಹಾಕಿದರೆ ಅಂಚಿನಲ್ಲಿ ಸಾಲಾಗಿ ಮರಿಗಿಡಗಳು ಏಳುತ್ತವೆ. ಈ ಕಾಡುಬಸಳೆಗೂ ಬ್ರಹ್ಮಕಮಲಕ್ಕೂ ಇನ್ನೊಂದು ನಂಟಿದೆ. ಆ ಕಥೆ ಹೇಳಲು ಲಾಲ್‌ಬಾಗ್‌ಗೆ ಬರಬೇಕು.

1799ರಲ್ಲಿ ಟಿಪ್ಪು ಮಡಿದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಅದನ್ನು ಸ್ವಲ್ಪ ಕಾಲ ನೋಡಿಕೊಂಡವನು ಬೆಂಜಮಿನ್ ಹೈನ್ ಎಂಬ ಸಸ್ಯತಜ್ಞ. ಮೈಸೂರು ಸೀಮೆಯ ಸರ್ವೆಯಲ್ಲೂ ಕೆಲಸ ಮಾಡಿದ್ದ. ಈತ ಭಾರತದಲ್ಲಿದ್ದಾಗ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಗ್ಗೆ ಹುಳಿ. ಮಧ್ಯಾಹ್ನ ಸಪ್ಪೆ. ಸಂಜೆಗೆ ಸ್ವಲ್ಪ ಕಹಿ. ಇಷ್ಟನ್ನೇ ಒಂದು ಪತ್ರದಲ್ಲಿ ಬರೆದ. 1815ರಲ್ಲಿ ಅದು ಲಂಡನ್ನಿನ ಲಿನ್ನಿಯನ್ ಸೊಸೈಟಿ ಎಂಬ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಯಾವ ಯಂತ್ರವೂ ಇಲ್ಲ, ಬರೀ ನಾಲಿಗೆ! ನಾನೂ ಮಾಡಿ ನೋಡಿದ್ದೇನೆ. ಬೆಳಗ್ಗೆ ಆರಕ್ಕೆ ಹುಣಸೆ ಚಿಗುರು ಅಗಿದಷ್ಟು ಹುಳಿ. ಊಟದ ಹೊತ್ತಿಗೆ ಸುಮ್ನೆ ಹಸಿ ಸೊಪ್ಪು. ನೀವು ಮಾಡುವುದಾದರೆ ಚೂರು ಅಗಿದು ಉಗಿದುಬಿಡಿ, ನುಂಗಬೇಡಿ. ಮೂತ್ರಪಿಂಡದ ಕಲ್ಲಿಗೆ ಅಂತ ಇದನ್ನು ತಿನ್ನುವವರಿದ್ದಾರೆ. ಇದರಲ್ಲಿ ಹೃದಯಕ್ಕೆ ತೊಂದರೆ ಮಾಡುವ ಅಂಶಗಳಿವೆ.

ಹುಳಿ ಎಲ್ಲಿಂದ ಬಂತು? ಸಾಮಾನ್ಯ ಗಿಡ ಹಗಲು ತನ್ನ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತದೆ. ರಂಧ್ರ ತೆರೆದರೆ ನೀರೂ ಆವಿಯಾಗಿ ಹೋಗುತ್ತದೆ. ಬಿಸಿಲಲ್ಲಿ ಜಾಸ್ತಿ ಹೋಗುತ್ತದೆ. ಕಾಡುಬಸಳೆ, ಕಳ್ಳಿಗಳು ಬೇರೆ ದಾರಿ ಹಿಡಿದವು. ತಂಪಾದ ರಾತ್ರಿಯಲ್ಲಿ ರಂಧ್ರ ತೆರೆಯುತ್ತವೆ, ಹಗಲು ಮುಚ್ಚುತ್ತವೆ. ಆದರೆ ರಾತ್ರಿ ಬೆಳಕಿಲ್ಲ, ಅಡುಗೆ ಆಗುವುದಿಲ್ಲ. ಹಾಗಾಗಿ ಒಳಗೆ ಬಂದ ಅನಿಲವನ್ನು ಮಾಲಿಕ್ ಆಮ್ಲವಾಗಿ ಮಾಡಿ ಕೂಡಿಡುತ್ತವೆ. ಕಾಯಿ ಸೇಬಿನ ಹುಳಿ ಇದೆಯಲ್ಲ, ಅದೇ ಆಮ್ಲ. ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು ಆ ಆಮ್ಲದಿಂದ ಅನಿಲ ಬಿಡಿಸಿ, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತವೆ.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ವಾ? ರಾತ್ರಿ ಹಿಟ್ಟು ರುಬ್ಬಿಡುತ್ತೇವೆ. ಬೆಳಗ್ಗೆ ಹುಳಿ ಬಂದಿರುತ್ತದೆ. ಮಧ್ಯಾಹ್ನದೊಳಗೆ ದೋಸೆ ಹುಯ್ದು ಪಾತ್ರೆ ಖಾಲಿ. ಅಥವಾ ನಲ್ಲಿ ನೀರು ನೋಡಿ. ನಡುರಾತ್ರಿ ಬರುತ್ತದೆ, ಎದ್ದು ಡ್ರಮ್ ತುಂಬಿಸುತ್ತೇವೆ, ಹಗಲೆಲ್ಲ ಅದನ್ನೇ ಬಳಸುತ್ತೇವೆ. ಗಿಡದ ಒಂದೊಂದು ಜೀವಕೋಶದಲ್ಲೂ ಅಂಥ ಒಂದು ಡ್ರಮ್ ಇದೆ. ಮಳೆಕಾಡಿನ ಕಳ್ಳಿಗೆ ಈ ಉಳಿತಾಯ ಯಾಕೆ ಅನ್ನಬಹುದು. ಮರದ ಮೇಲೆ ಮಣ್ಣಿಲ್ಲ. ಮಳೆ ನಿಂತ ಸ್ವಲ್ಪ ಹೊತ್ತಿಗೇ ತೊಗಟೆ ಒಣಗುತ್ತದೆ. ಕಾಡು ಒದ್ದೆ ಇದ್ದರೂ ಕೊಂಬೆಯ ಮೇಲೆ ಬರಗಾಲವೇ.

ಹೂವು ರಾತ್ರಿ ಅರಳುವುದು ಮಾತ್ರ ಈ ಆಮ್ಲದ ಕಾರಣಕ್ಕಲ್ಲ. ಇದನ್ನು ಬೆರೆಸಿ ಹೇಳುವವರನ್ನು ಕಂಡಿದ್ದೇನೆ. ಅಷ್ಟು ಅಗಲದ, ಮೇಣದಷ್ಟು ನವಿರಾದ ಎಸಳು ತಂಪಿನಲ್ಲಿ ಬೇಗ ಬಾಡುವುದಿಲ್ಲ ಅನ್ನುವ ಲಾಭವೇನೋ ಇದೆ. ಆದರೆ ಹೂವು ಅರಳುವುದು ಅತಿಥಿಗಾಗಿ. ಅತಿಥಿ ಹಾಕ್‌ಮಾತ್ ಎಂಬ ದಪ್ಪ ಪತಂಗ. ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು, ಉದ್ದದ ಹೀರುನಳಿಕೆ ಚಾಚಿ ಮಕರಂದ ಹೀರುತ್ತದೆ. ಅದಕ್ಕೇ ಬಿಳಿ ಬಣ್ಣ, ಅದಕ್ಕೇ ಆ ಗಾಢ ಪರಿಮಳ, ಅದಕ್ಕೇ ಆ ಉದ್ದ ಕೊಳವೆ. ಬುಡದಿಂದ ತುದಿಯವರೆಗೆ ಅಕ್ಕನ ಮಗಳ ಸ್ಕೇಲಿನಲ್ಲಿ ಅಳೆದೆ, 27 ಸೆಂಟಿಮೀಟರ್ ಇತ್ತು. ಅಜ್ಜಿ ತಮ್ಮ ಟೊಮೆಟೊ ಗಿಡದಿಂದ ದಿನಾ ಆರಿಸಿ ಬಿಸಾಡುವ ಹಸಿರು ಕಂಬಳಿಹುಳ ಇದೆಯಲ್ಲ, ಕೊಂಬಿನಂಥ ಬಾಲದ್ದು, ಅದು ದೊಡ್ಡದಾದರೆ ಈ ಜಾತಿಯ ಪತಂಗವೇ ಆಗುತ್ತದೆ. ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈಗ ಗೋದಲಿ ಮತ್ತು ಅನಂತಶಯನ. ಹೂವಿನ ಒಳಗೆ ಪರಾಗ ಹೊತ್ತ ನೂರಾರು ಕೇಸರಗಳು ಕೆಳಬದಿಗೆ ಹಾಸಿಗೆಯಂತೆ ಒರಗಿರುತ್ತವೆ. ಅವುಗಳ ನಡುವಿನಿಂದ ಬೆಳ್ಳಗಿನ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಮುಂದಕ್ಕೆ ಚಾಚಿ, ತುದಿಯಲ್ಲಿ ನಕ್ಷತ್ರದಂತೆ ಬಿಚ್ಚಿಕೊಂಡಿರುತ್ತದೆ. ನಾನು ಎಣಿಸಿದೆ, 16 ಕಿರಣ. ಅಜ್ಜಿಗೆ ಅದೇ ಬೆತ್ಲೆಹೇಮಿನ ನಕ್ಷತ್ರ, ಅಕ್ಕನಿಗೆ ನಾಭಿಯಿಂದ ಎದ್ದ ಕಮಲ. ಕೇಸರಕ್ಕಿಂತ ಶಲಾಕೆ ಮುಂದೆ ಚಾಚಿರುವುದಕ್ಕೆ ಅರ್ಥವಿದೆ. ಪತಂಗ ಬಂದಾಗ ಮೊದಲು ತಾಗುವುದು ನಕ್ಷತ್ರಕ್ಕೆ. ಬೇರೆ ಹೂವಿನಿಂದ ತಂದ ಪರಾಗ ಅಲ್ಲಿ ಅಂಟುತ್ತದೆ. ಆಮೇಲೆ ಒಳಗೆ ನುಗ್ಗಿದಾಗ ಈ ಹೂವಿನ ಪರಾಗ ಮೈಗೆ ಹತ್ತುತ್ತದೆ. ತನ್ನದೇ ಪರಾಗ ಈ ಗಿಡಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ.

ನಮ್ಮ ಮನೆಗಳಲ್ಲಿ ಇದು ಕಾಯಿ ಬಿಡುವುದು ಯಾಕೆ ಅಪರೂಪ ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ. ಈ ಗಿಡವನ್ನು ಯಾರೂ ಬೀಜದಿಂದ ಬೆಳೆಸುವುದಿಲ್ಲ. ಪಕ್ಕದ ಮನೆಯಿಂದ ತುಂಡು ತಂದು ನೆಡುತ್ತೇವೆ. ತುಂಡಿನಿಂದ ಬಂದದ್ದು ಬೇರೆ ಗಿಡವಲ್ಲ, ಅದೇ ಗಿಡದ ಮುಂದುವರಿಕೆ. ಒಂದು ಬೀದಿಯ ಹತ್ತು ಮನೆಯ ಬ್ರಹ್ಮಕಮಲ ಎಷ್ಟೋ ಸಲ ಒಂದೇ ಗಿಡ, ಹತ್ತು ಕುಂಡದಲ್ಲಿ. "ಊರೆಲ್ಲ ಒಂದೇ ರಾತ್ರಿ ಅರಳಿತು" ಅಂತ ಕೈ ಮುಗಿಯುತ್ತೇವಲ್ಲ, ಅದೇ ಗಿಡ, ಅದೇ ಮಳೆ, ಅದೇ ತಂಪು. ಮೊಗ್ಗು ಕಂಡ ಮೂರು ನಾಲ್ಕು ವಾರಕ್ಕೆ ಎಲ್ಲ ಕುಂಡಗಳೂ ಒಟ್ಟಿಗೆ ಸಿದ್ಧವಾಗುತ್ತವೆ. ಹನ್ನೆರಡು ವರ್ಷದ ಮಾತಂತೂ ಸುಳ್ಳು. ಚೆನ್ನಾಗಿ ಬೇರೂರಿದ ತುಂಡು ಎರಡು ಮೂರು ವರ್ಷಕ್ಕೇ ಹೂ ಬಿಡಬಹುದು. ಆಮೇಲೆ ವರ್ಷವರ್ಷವೂ, ಒಂದೇ ವರ್ಷದಲ್ಲಿ ಎರಡು ಮೂರು ಸಲವೂ ಅರಳುತ್ತದೆ.

ಜಾಕ್ಸನ್ ನಗರಕ್ಕೂ ಈ ಹೂವಿಗೂ ಹಳೆಯ ಸಂಬಂಧ. ಅಲ್ಲಿನವರೇ ಆದ, 1973ರಲ್ಲಿ ಪುಲಿಟ್ಜರ್ ಬಹುಮಾನ ಪಡೆದ ಲೇಖಕಿ ಯೂಡೋರಾ ವೆಲ್ಟಿ 1930ರ ದಶಕದಲ್ಲಿ ಗೆಳೆಯರ ಜೊತೆ ಸೇರಿ ಈ ಹೂವಿನ ಹೆಸರಿನಲ್ಲೇ ಒಂದು ಕ್ಲಬ್ ಮಾಡಿಕೊಂಡಿದ್ದರು. ಆಗ ಊರಿನ ಹೆಂಗಸರು "ಇಂದು ನಮ್ಮ ಮನೆಯಲ್ಲಿ ಅರಳುತ್ತದೆ, ಬನ್ನಿ" ಅಂತ ಪತ್ರಿಕೆಯಲ್ಲಿ ಹಾಕಿಸುತ್ತಿದ್ದರು. ಈ ಗೆಳೆಯರು ಅದನ್ನು ಓದಿ ಹೊರಡುತ್ತಿದ್ದರು. ನಮ್ಮಲ್ಲೂ ಮಳೆಗಾಲ ಬಂದರೆ ಪತ್ರಿಕೆಯಲ್ಲಿ ಬ್ರಹ್ಮಕಮಲದ ಪಕ್ಕ ನಿಂತ ಕುಟುಂಬದ ಫೋಟೊ ಬರುತ್ತದೆ. ಸೇವಂತಿಗೆಗೆ ಯಾರೂ ಹೀಗೆ ಅಕ್ಕಪಕ್ಕದವರನ್ನು ನಿದ್ದೆಗೆಡಿಸಿ ಕರೆಯುವುದಿಲ್ಲ. ಆ ಕರೆಯುವ ಅಭ್ಯಾಸ ಮಾತ್ರ ಹಾಗೇ ಇರಲಿ ಅನ್ನುವುದು ನನ್ನ ಆಸೆ.

ಒಂದು ಆತಂಕವೂ ಇದೆ. ಹಿಮಾಲಯದ ನಿಜವಾದ ಬ್ರಹ್ಮಕಮಲವನ್ನು ಪೂಜೆಗೆ, ಮಾರಾಟಕ್ಕೆ, ಔಷಧಿಗೆ ಅಂತ ಕಿತ್ತು ಕಿತ್ತು ಕೆಲವು ಕಡೆ ಅದು ಅಪರೂಪವಾಗುತ್ತಿದೆ. ಎರಡಕ್ಕೂ ಒಂದೇ ಹೆಸರಾದ್ದರಿಂದ ನಮ್ಮಲ್ಲಿ ಅದು ಯಾರಿಗೂ ತಟ್ಟುವುದಿಲ್ಲ. ಕುಂಡದಲ್ಲಿ ಬೇಕಾದಷ್ಟು ಇದೆಯಲ್ಲ ಅನ್ನಿಸುತ್ತದೆ.

ಬೆಳಗ್ಗೆ ಆರಕ್ಕೆ ಹೋಗಿ ನೋಡಿದೆ. ಮೂರೂ ಹೂವು ಹಿಂಡಿದ ಕರವಸ್ತ್ರದಂತೆ ಜೋತುಬಿದ್ದಿದ್ದವು. ಪತಂಗ ಬಂದಿತ್ತೋ ಇಲ್ಲವೋ. ಅಜ್ಜಿ ಚಳಿಗಾಲಕ್ಕೆ ಮೊದಲು ಕುಂಡವನ್ನು ಒಳಗೆ ಸಾಗಿಸಬೇಕು, ಹಿಮ ಬಿದ್ದರೆ ಇದು ಉಳಿಯುವುದಿಲ್ಲ ಅಂದರು. ಹಾಗೇ ಒಂದು ತುಂಡು ಕತ್ತರಿಸಿ ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ತುಳಸಿ ಪಕ್ಕದ ಕುಂಡದಲ್ಲಿ ನೆಟ್ಟಳು. ಇದು ಎಲೆಯಲ್ಲ ಅಂತ ನಾನು ಎಷ್ಟು ಹೇಳಿದರೂ ಅವಳು ಒಪ್ಪಿರಲಿಲ್ಲ.

ಹೋದ ತಿಂಗಳು ಫೋನ್ ಮಾಡಿದ್ದಳು. "ಚಿಗುರಿದೆ ಕಣೋ" ಅಂದಳು. ಆಮೇಲೆ ಸ್ವಲ್ಪ ತಡೆದು, "ಆದ್ರೆ ಎಲೆ ಬಂದಿಲ್ಲ. ಮಣ್ಣಿನ ಹತ್ರದಿಂದ ಒಂದು ಕೋಲು ಬಂದಿದೆ. ದುಂಡಗೆ, ಪೆನ್ಸಿಲ್ ಥರ."